ಫಾರ್ಸಿ ಕಲಿಯುವುದು ಹೇಗೆ: ಬರೆಯುವ ಮಾತು, ಆಡುವ ಮಾತು ಎರಡೂ ಒಟ್ಟಿಗೆ

ಆಸೆಯಿಂದ ಫಾರ್ಸಿ ಕಲಿಯಲು ಕೂತವರು ಅರ್ಧಕ್ಕೇ ಬಿಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಬಿಡುವುದು ಭಾಷೆ ಕಷ್ಟ ಅಂತಲ್ಲ. ತಿಂಗಳುಗಟ್ಟಲೆ ಶ್ರದ್ಧೆಯಿಂದ ಓದಿರುತ್ತಾರೆ. ಕ್ರಿಯಾಪದಗಳ ಪಟ್ಟಿ ಬಾಯಿಗೆ ಬಂದಿರುತ್ತದೆ. ಆಮೇಲೆ ಒಂದು ದಿನ ಇರಾನಿನವರೊಬ್ಬರ ಜೊತೆ ಮಾತಿಗೆ ಕೂರುತ್ತಾರೆ. ಎದುರಿನವರ ಒಂದು ವಾಕ್ಯವೂ ಕಿವಿಗೆ ಸಿಗುವುದಿಲ್ಲ. 'ಇದು ನಮ್ಮಿಂದ ಆಗಲ್ಲ' ಎಂದು ಪುಸ್ತಕ ಎತ್ತಿಡುತ್ತಾರೆ.

ಕಾರಣ ಇಷ್ಟೇ. ಪುಸ್ತಕದ ಫಾರ್ಸಿ ಬೇರೆ, ಮನೆಯಲ್ಲಿ ಬೀದಿಯಲ್ಲಿ ಆಡುವ ಫಾರ್ಸಿ ಬೇರೆ. ಹೆಚ್ಚಿನ ಪಾಠಗಳು ಮೊದಲನೆಯದನ್ನು ಪೂರ್ತಿ ಕಲಿಸಿ, ಎರಡನೆಯದನ್ನು ಕೊನೆಯ ಅಧ್ಯಾಯಕ್ಕೆ ತಳ್ಳುತ್ತವೆ. ಹಾಗೆ ಮಾಡಬೇಡಿ. ಎರಡನ್ನೂ ಮೊದಲಿನಿಂದಲೇ ಜೊತೆಗೆ ಕಲಿಯಿರಿ. ಆ ಹಂತವನ್ನು ಕೆಳಗೆ ಬಿಡಿಸಿ ಹೇಳುತ್ತೇನೆ. ಉಳಿದವು ಸುಲಭ, ಬೇಗ ಮುಗಿಸೋಣ.

1. ಯಾವ ಫಾರ್ಸಿ ಎಂದು ತೀರ್ಮಾನಿಸಿ

ಇರಾನಿನದು ಫಾರ್ಸಿ, ಅಫ್ಘಾನಿಸ್ತಾನದ್ದು ದರಿ, ತಾಜಿಕಿಸ್ತಾನದ್ದು ತಾಜಿಕ್. ಬೇರು ಒಂದೇ, ಉಚ್ಚಾರಣೆ ಬೇರೆ. ತಾಜಿಕ್ ಬರೆಯುವುದಂತೂ ರಷ್ಯನ್ ಭಾಷೆಗೆ ಬಳಸುವ ಸಿರಿಲಿಕ್ ಲಿಪಿಯಲ್ಲಿ. ನಿಮ್ಮ ಗೆಳೆಯರು ಕಾಬೂಲಿನವರಾದರೆ ದರಿಯನ್ನೇ ಕಲಿಯಿರಿ. ಅಂಥ ಕಾರಣ ಏನೂ ಇಲ್ಲದಿದ್ದರೆ ತೆಹ್ರಾನಿನ ಮಾತು ಹಿಡಿಯಿರಿ. ಸಿನಿಮಾ, ಧಾರಾವಾಹಿ, ಯೂಟ್ಯೂಬ್ ವಿಡಿಯೊ ಅದರಲ್ಲೇ ಜಾಸ್ತಿ ಸಿಗುತ್ತವೆ.

2. ಲಿಪಿ: ಎರಡು ವಾರ ಸಾಕು

ಒಟ್ಟು 32 ಅಕ್ಷರ. ಅರಬ್ಬಿಯ 28 ಅಕ್ಷರಗಳಿಗೆ ಪೆ, ಚೆ, ಝೆ, ಗಾಫ್ ಎಂಬ ನಾಲ್ಕು ಸೇರಿವೆ. ಬಲದಿಂದ ಎಡಕ್ಕೆ ಬರೆಯಬೇಕು, ಆದರೆ ಅಂಕಿಗಳನ್ನು ನಮ್ಮ ಹಾಗೆ ಎಡದಿಂದ ಬಲಕ್ಕೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲೆಫ್, ದಾಲ್, ಜ಼ಾಲ್, ರೆ, ಜ಼ೆ, ಝೆ, ವಾವ್ ಎಂಬ ಏಳು ಮಾತ್ರ ಮುಂದಿನ ಅಕ್ಷರಕ್ಕೆ ಅಂಟುವುದಿಲ್ಲ. ಆ ಏಳನ್ನು ನೆನಪಿಟ್ಟರೆ ಪದ ಎಲ್ಲಿ ಒಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಜ಼ ಎಂಬ ಒಂದೇ ಉಚ್ಚಾರಕ್ಕೆ ನಾಲ್ಕು ಅಕ್ಷರ, ಸ ಎಂಬುದಕ್ಕೆ ಮೂರು. ಯಾವುದು ಎಲ್ಲಿ ಎಂದು ನಿಯಮ ಹುಡುಕಬೇಡಿ. ಪದದ ಜೊತೆಗೇ ಕಾಗುಣಿತವನ್ನೂ ಕಲಿಯಿರಿ.

ನಿಜವಾದ ತೊಡಕು ಬೇರೆ ಇದೆ. ಹ್ರಸ್ವ ಸ್ವರಗಳನ್ನು, ಅಂದರೆ ಅ, ಎ, ಒ ಇವನ್ನು, ಬರೆಯುವುದೇ ಇಲ್ಲ. ಕಾಫ್, ರೆ, ಮೀಮ್ ಎಂದು ಮೂರು ಅಕ್ಷರ ಕಂಡರೆ ಅದು ಕೆರ್ಮ್ ಇರಬಹುದು, ಅಂದರೆ ಹುಳ. ಕೆರೆಮ್ ಇರಬಹುದು, ಮುಖಕ್ಕೆ ಹಚ್ಚುವ ಕ್ರೀಮು. ಕರಮ್ ಇರಬಹುದು, ಔದಾರ್ಯ. ಹಾಗಾಗಿ ಹೊಸ ಪದವನ್ನು ಕಣ್ಣಿನಿಂದ ಕಲಿಯಲೇಬೇಡಿ. ಮೊದಲು ಕಿವಿ, ಆಮೇಲೆ ಕಣ್ಣು. ಧ್ವನಿ ಇಲ್ಲದ ಪಠ್ಯಪುಸ್ತಕವನ್ನು ಯಾರಾದರೂ ಸುಮ್ನೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಅಡ್ಡದಾರಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಫಾರ್ಸಿ ಬರೆದು ಕಲಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಮೊದಲ ವಾರ ಹಿತವಾಗಿರುತ್ತದೆ. ಆಮೇಲೆ ಒಂದು ಬೋರ್ಡು, ಒಂದು ಮೆಸೇಜು ಓದಲಾಗದೆ ಅಲ್ಲೇ ನಿಲ್ಲುತ್ತೀರಿ. ಉಚಿತವಾಗಿ ಸಿಗುತ್ತದೆ ಎಂದು ನೂರು ವರ್ಷ ಹಳೆಯ ನಿಘಂಟು ಇಳಿಸಿಕೊಳ್ಳುವುದೂ ಬೇಡ. ಅದರ ಅರ್ಧ ಪದಗಳು ಇವತ್ತಿನ ತೆಹ್ರಾನಿನಲ್ಲಿ ಯಾರ ಬಾಯಲ್ಲೂ ಇಲ್ಲ. ಫೋನಿನಲ್ಲಿ ಹಾಕಿಕೊಳ್ಳುವುದು ಫಾರ್ಸಿ ಕೀಬೋರ್ಡೇ ಆಗಿರಲಿ, ಅರಬ್ಬಿಯದು ಬೇಡ. ಎರಡರ ಕಾಫ್ ಮತ್ತು ಯೆ ನೋಡಲು ಒಂದೇ ಥರ ಇದ್ದರೂ ಕಂಪ್ಯೂಟರಿಗೆ ಬೇರೆ ಬೇರೆ. ಅರಬ್ಬಿ ಕೀಬೋರ್ಡಿನಲ್ಲಿ ಟೈಪ್ ಮಾಡಿದ ಪದ ಎಷ್ಟೋ ಸಲ ನಿಘಂಟಿನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ.

ಉರ್ದು ಬಲ್ಲವರಿಗೆ ಒಂದು ಮಾತು. ಲಿಪಿ ನಿಮಗೆ ಗೊತ್ತಿದೆ, ಒಳ್ಳೆಯದು. ಉಚ್ಚಾರಣೆಯನ್ನು ಮಾತ್ರ ಮೊದಲಿನಿಂದ ಕಲಿಯಿರಿ. ನಿಮ್ಮ ಕಿತಾಬ್ ಅಲ್ಲಿ ಕೆತಾಬ್, ದಿಲ್ ಅಲ್ಲಿ ದೆಲ್. ಸಿಂಹಕ್ಕೆ ಶೇರ್, ಹಾಲಿಗೆ ಶೀರ್ ಎಂಬ ಭೇದ ಇರಾನಿನಲ್ಲಿ ಇಲ್ಲ. ಎರಡೂ ಶೀರ್.

3. ವಾಕ್ಯ ಕಟ್ಟುವುದು: ಕನ್ನಡಿಗರಿಗೆ ಅರ್ಧ ಗೊತ್ತೇ ಇದೆ

ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಬಾಲದಲ್ಲೇ 'ನಾನು, ನೀನು' ಇರುವುದರಿಂದ ಸರ್ವನಾಮ ಬಿಟ್ಟರೂ ನಡೆಯುತ್ತದೆ. ನೀನು, ನೀವು ಎಂಬ ಹಾಗೆ ತೊ, ಶೊಮಾ ಇವೆ. ಅಪ್ಪ ಬಂದರು ಎನ್ನುವಾಗ ನಾವು ಬಹುವಚನ ಬಳಸುತ್ತೇವಲ್ಲ, ಅವರೂ ಹಿರಿಯರಿಗೆ ಹಾಗೇ ಬಳಸುತ್ತಾರೆ. ಲಿಂಗಭೇದ ಇಲ್ಲವೇ ಇಲ್ಲ. ಅವನು, ಅವಳು ಎರಡಕ್ಕೂ ಊ.

ಕ್ರಿಯಾಪದಗಳಿಗೆ ಎರಡೆರಡು ಮೂಲರೂಪ. ನೋಡಿದೆ ಎನ್ನಲು ದೀದಮ್, ನೋಡುತ್ತೇನೆ ಎನ್ನಲು ಮಿಬೀನಮ್. ಒಂದರಿಂದ ಇನ್ನೊಂದನ್ನು ಊಹಿಸಲು ಎಷ್ಟೋ ಕಡೆ ಆಗುವುದಿಲ್ಲ. ಜೋಡಿಯಾಗಿಯೇ ಬಾಯಿಪಾಠ ಮಾಡಿ. ಸಮಾಧಾನದ ಸಂಗತಿ ಎಂದರೆ ಇಂಥ ಸರಳ ಕ್ರಿಯಾಪದಗಳು ದಿನಬಳಕೆಯಲ್ಲಿ ಕಡಿಮೆ. ಉಳಿದದ್ದೆಲ್ಲ ನಾಮಪದದ ಜೊತೆ ಕರ್ದನ್ (ಮಾಡು), ಜ಼ದನ್ (ಹೊಡೆ), ಖೊರ್ದನ್ (ತಿನ್ನು) ಇಂಥವನ್ನು ಸೇರಿಸಿದ್ದು. ಕೆಲಸ ಮಾಡು ಎಂಬುದು ಕಾರ್ ಕರ್ದನ್. ಬಿದ್ದುಬಿಡು ಎನ್ನಲು ಜ಼ಮೀನ್ ಖೊರ್ದನ್, ನೆಲ ತಿನ್ನು ಎಂದ ಹಾಗೆ. ಏಟು ತಿನ್ನುವ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ.

ಎಡವುವುದು ಎಜ಼ಾಫೆಯಲ್ಲಿ. ಎರಡು ಪದಗಳ ನಡುವೆ ಬರುವ ಸಣ್ಣ 'ಎ' ಅದು. ಕೆತಾಬೆ ಮನ್ ಎಂದರೆ ನನ್ನ ಪುಸ್ತಕ. ನಮ್ಮದಕ್ಕೆ ಪೂರ್ತಿ ಉಲ್ಟಾ. 'ನನ್ನ ಅಪ್ಪನ ಸ್ನೇಹಿತನ ಮನೆಯ ಬಾಗಿಲು' ಎಂಬುದನ್ನು ಹಿಂದಿನಿಂದ ಮುಂದಕ್ಕೆ ಬನ್ನಿ: ದರೆ ಖಾನೆಯೆ ದೂಸ್ತೆ ಪೆದರಮ್. ಬಾಗಿಲು, ಮನೆ, ಸ್ನೇಹಿತ, ನನ್ನ ಅಪ್ಪ. ಈ 'ಎ' ಕೂಡ ಹ್ರಸ್ವ ಸ್ವರವಾದ್ದರಿಂದ ಸಾಮಾನ್ಯವಾಗಿ ಬರಹದಲ್ಲಿ ಕಾಣುವುದಿಲ್ಲ. ಓದುವವರೇ ತುಂಬಿಕೊಳ್ಳಬೇಕು. ಧ್ವನಿ ಇರುವ ಒಂದು ಪುಟ ತೆಗೆದುಕೊಳ್ಳಿ. ಕೇಳುತ್ತಾ, ಎಜ಼ಾಫೆ ಬಂದಲ್ಲೆಲ್ಲ ಅಕ್ಷರದ ಕೆಳಗೆ ಪೆನ್ಸಿಲಿನಲ್ಲಿ ಗೀಟು ಹಾಕಿ. ಮರುದಿನ ಅದೇ ಪುಟವನ್ನು ಗೀಟಿಲ್ಲದ ಪ್ರತಿಯಲ್ಲಿ ಗಟ್ಟಿಯಾಗಿ ಓದಿ.

4. ಆಡುಮಾತು: ಇಲ್ಲಿ ಅವಸರ ಬೇಡ

ನಾವು 'ಹೋಗುತ್ತೇನೆ' ಎಂದು ಬರೆದು 'ಹೋಗ್ತೀನಿ' ಎನ್ನುತ್ತೇವೆ. ಕನ್ನಡ ಕಲಿಯಲು ಬಂದವರಿಗೆ ಬರೀ ಹೋಗುತ್ತೇನೆ, ಬರುತ್ತಾನೆ ಕಲಿಸಿ ಮಾರ್ಕೆಟ್ಟಿಗೆ ಬಿಟ್ಟರೆ ಅವರ ಗತಿ ಏನು? ಫಾರ್ಸಿ ಕಲಿಯುವವರಿಗೆ ಆಗುತ್ತಿರುವುದು ಅದೇ. ಬದಲಾವಣೆಗಳು ಬೇಕಾಬಿಟ್ಟಿ ಅಲ್ಲ, ಅವಕ್ಕೂ ಕ್ರಮ ಇದೆ. ನಾಲ್ಕೈದು ಹಿಡಿದರೆ ಕಿವಿ ತೆರೆಯುತ್ತದೆ.

ಮೊದಲನೆಯದು, ಆನ್ ಮತ್ತು ಆಮ್ ಇದ್ದಲ್ಲಿ ಊನ್, ಊಮ್ ಆಗುತ್ತದೆ. ರೊಟ್ಟಿ ಪುಸ್ತಕದಲ್ಲಿ ನಾನ್, ಬಾಯಲ್ಲಿ ನೂನ್. ಮನೆ ಖಾನೆ ಅಲ್ಲ, ಖೂನೆ. ಬಾದಾಮ್ ಹೋಗಿ ಬಾದೂಮ್. ತೆಹ್ರಾನ್ ಕೂಡ ತೆಹ್ರೂನ್ ಆಗುತ್ತದೆ. ಎಲ್ಲ ಪದಗಳಿಗೂ ಇದನ್ನು ಹಚ್ಚಬೇಡಿ. ಜಗತ್ತು ಎಂಬ ಅರ್ಥದ ಜಹಾನ್, ಪ್ರಾಂತ ಎಂಬ ಅರ್ಥದ ಒಸ್ತಾನ್ ಹಾಗೇ ಉಳಿಯುತ್ತವೆ. ಕೇಳಿದ ಮೇಲೆ ಬದಲಾಯಿಸಿ, ಊಹಿಸಿ ಬದಲಾಯಿಸಬೇಡಿ.

ಎರಡನೆಯದು, ಹೆಚ್ಚು ಬಳಸುವ ಕ್ರಿಯಾಪದಗಳು ಕುಗ್ಗುತ್ತವೆ. ಹೋಗುತ್ತೇನೆ: ಮಿರವಮ್ ಇದ್ದದ್ದು ಮಿರಮ್. ಹೇಳುತ್ತೇನೆ: ಮಿಗೂಯಮ್ ಇದ್ದದ್ದು ಮಿಗಮ್. ಬೇಕು: ಮಿಖಾಹಮ್ ಇದ್ದದ್ದು ಮಿಖಾಮ್. ನನ್ನಿಂದಾಗುತ್ತದೆ: ಮಿತವಾನಮ್ ಇದ್ದದ್ದು ಮಿತೂನಮ್. ಗೊತ್ತಿಲ್ಲ: ನೆಮಿದಾನಮ್ ಇದ್ದದ್ದು ನೆಮಿದೂನಮ್. ಈ ಕೊನೆಯದನ್ನು ಮೊದಲ ದಿನವೇ ಕಲಿಯಿರಿ, ತುಂಬಾ ಬೇಕಾಗುತ್ತದೆ.

ಮೂರನೆಯದು, ಬಾಲಗಳು ಬದಲಾಗುತ್ತವೆ. 'ಅದ್' ಎಂದು ಮುಗಿಯುವುದು 'ಎ' ಆಗುತ್ತದೆ: ಹೋಗುತ್ತಾನೆ ಎನ್ನುವ ಮಿರವದ್, ಮಿರೆ. 'ಈದ್' ಇದ್ದದ್ದು 'ಈನ್': ನೀವು ಹೋಗುತ್ತೀರಿ ಎನ್ನುವ ಮಿರವೀದ್, ಮಿರೀನ್. ಇದೆ ಎಂಬ ಅಸ್ತ್ ಬರೀ 'ಎ' ಆಗಿ ಹಿಂದಿನ ಪದಕ್ಕೆ ಅಂಟುತ್ತದೆ. ಚೆನ್ನಾಗಿದೆ ಎನ್ನಲು ಖೂಬ್ ಅಸ್ತ್ ಅನ್ನುವುದಿಲ್ಲ, ಖೂಬೆ. ಕರ್ಮಪದದ ಗುರುತಾದ 'ರಾ' ಎಂಬುದು 'ರೊ' ಅಥವಾ ಬರೀ 'ಒ'. ಪುಸ್ತಕವನ್ನು ಎನ್ನಲು ಕೆತಾಬೊ.

ನಾಲ್ಕನೆಯದು, ಪದಗಳ ಜಾಗ ಬದಲಾಗುತ್ತದೆ. ಪುಸ್ತಕದಲ್ಲಿ 'ಬೆ ಖಾನೆ ಮಿರವಮ್'. ಬಾಯಲ್ಲಿ 'ಮಿರಮ್ ಖೂನೆ'. 'ಗೆ' ಎಂಬರ್ಥದ ಬೆ ಬಿದ್ದುಹೋಯಿತು, ಮನೆ ಕ್ರಿಯಾಪದದ ಆಚೆ ಹೋಯಿತು. 'ಹೋಗ್ತೀನಿ ಮನೆಗೆ' ಎಂದು ನಾವೂ ಅನ್ನುತ್ತೇವಲ್ವಾ?

ಈಗ ಒಂದು ರೊಟ್ಟಿ ಅಂಗಡಿಗೆ ಬನ್ನಿ. ಬಿಸಿ ಹರಳುಕಲ್ಲುಗಳ ಮೇಲೆ ಬೇಯಿಸುವ ಸಂಗಕ್ ಮಾರುವ ಅಂಗಡಿ. ಸಾಲಿನಲ್ಲಿ ನಿಂತಿದ್ದೀರಿ. ಒಳಗಿನಿಂದ ಒಬ್ಬ ಕೂಗುತ್ತಾನೆ: 'ನೂನ್ ತಮೂಮ್ ಶೊದ್, ಅಗೆ ಮಿಖಾಯ್ನ್ ಸಬ್ರ್ ಕೊನೀನ್.' ಪುಸ್ತಕ ಮಾತ್ರ ಓದಿದವರ ಕಿವಿಗೆ ಇದರಲ್ಲಿ ಪರಿಚಯದ ಪದ ಎರಡು ಸಿಕ್ಕರೆ ಹೆಚ್ಚು. ಇದನ್ನೇ ಬಿಡಿಸಿ ಬರೆದರೆ: 'ನಾನ್ ತಮಾಮ್ ಶೊದ್, ಅಗರ್ ಮಿಖಾಹೀದ್ ಸಬ್ರ್ ಕೊನೀದ್.' ರೊಟ್ಟಿ ಮುಗೀತು, ಬೇಕಿದ್ದರೆ ಕಾಯಿರಿ. ಒಂದೇ ಒಂದು ಹೊಸ ಪದವೂ ಇಲ್ಲ. ಮೇಲಿನ ನಿಯಮಗಳೇ ಕೆಲಸ ಮಾಡಿವೆ. ಅಗರ್ ಕುಗ್ಗಿ ಅಗೆ ಆದದ್ದು ಮಾತ್ರ ಹೆಚ್ಚಿಗೆ.

ಅಭ್ಯಾಸ ಹೀಗಿರಲಿ. ನೋಟುಬುಕ್ಕಿನ ಪುಟವನ್ನು ಮಧ್ಯಕ್ಕೆ ಗೆರೆ ಎಳೆದು ಎರಡು ಮಾಡಿ. ಇಬ್ಬರು ಮಾತಾಡುವ ವಿಡಿಯೊದಿಂದ ಒಂದು ನಿಮಿಷ ಆರಿಸಿ. ಸುದ್ದಿ ಬೇಡ. ಸುದ್ದಿ ಓದುವವರು ಪುಸ್ತಕದ ಭಾಷೆಯಲ್ಲೇ ಓದುತ್ತಾರೆ. ಅಡುಗೆಯ ವಿಡಿಯೊ ಒಳ್ಳೆಯದು, ಕೈಯಲ್ಲಿ ಮಾಡುತ್ತಾ ಬಾಯಲ್ಲಿ ಹೇಳುವುದರಿಂದ ಅರ್ಥ ತಾನಾಗಿ ಸಿಗುತ್ತದೆ. ಕೇಳಿದ್ದನ್ನು ಕೇಳಿದ ಹಾಗೆ ಒಂದು ಕಡೆ ಬರೆಯಿರಿ. ಪಕ್ಕದಲ್ಲಿ ಪುಸ್ತಕದ ರೂಪ ಬರೆಯಿರಿ. ತಿಳಿಯದ ಕಡೆ ಖಾಲಿ ಬಿಡಿ, ಆಮೇಲೆ ಬಲ್ಲವರನ್ನು ಕೇಳಿ. ಮುಗಿದ ಮೇಲೆ ಪುಸ್ತಕದ ರೂಪ ಮುಚ್ಚಿಕೊಂಡು, ಆಡುರೂಪವನ್ನು ಅದೇ ವೇಗದಲ್ಲಿ ಗಟ್ಟಿಯಾಗಿ ಹೇಳಿ. ದಿನಕ್ಕೆ ಒಂದು ನಿಮಿಷದ ವಿಡಿಯೊ ಸಾಕು, ತಪ್ಪಿಸಬೇಡಿ. ಆಡುಮಾತಿನಲ್ಲಿ ಮಾತಾಡಿದರೆ ಅಗೌರವ ಎಂಬ ಭಯ ಬೇಡ. ಶೊಮಾ ಬಳಸಿ, ಈನ್ ಎಂಬ ಬಾಲ ಹಚ್ಚಿ. ಅದು ಆಡುಮಾತೂ ಹೌದು, ಮರ್ಯಾದೆಯೂ ಹೌದು.

5. ಪರಿಚಯದ ಪದಗಳ ಬಗ್ಗೆ ಎಚ್ಚರ

ಬೀದರಿನ ಬಹಮನಿ ಆಸ್ಥಾನದಲ್ಲಿ ಫಾರ್ಸಿ ನಡೆಯುತ್ತಿತ್ತು. ಅಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಕಡೆಯಿಂದ ಬಂದವರು. ಹಾಗಾಗಿ ಜಮೀನು, ಕಾಗದ, ಕಾರ್ಖಾನೆ, ಶಿಫಾರಸು, ಬಂದೋಬಸ್ತು ನಮಗೆ ಮನೆಮಾತು. ಇವು ನೆನಪಿಗೆ ಸಹಾಯ ಮಾಡುತ್ತವೆ. ಆದರೆ ಅರ್ಥ ಜಾರಿರುತ್ತದೆ. ಅಲ್ಲಿ ದೌಲತ್ ಎಂದರೆ ಸರ್ಕಾರ. 'ಬೇಜಾರು' ಅಂದುಕೊಂಡು ಬೀಜ಼ಾರಮ್ ಎಂದರೆ ನನಗೆ ಅದನ್ನು ಕಂಡರಾಗದು, ಹೇಸಿಗೆ ಎಂದಾಗುತ್ತದೆ. ಅತಿಥಿಯಾಗಿ ಹೋದ ಮನೆಯಲ್ಲಿ ಕೂತು ಬೇಸರವಾಗಿದೆ ಎನ್ನಲು ಈ ಪದ ಬಳಸಲೇಬೇಡಿ.

6. ತಾರೊಫ್ ಕಲಿಯದೆ ಅಂಗಡಿಗೆ ಹೋಗಬೇಡಿ

ಎಷ್ಟಾಯಿತು ಎಂದು ಕೇಳಿದರೆ ಅಂಗಡಿಯವರು, ಟ್ಯಾಕ್ಸಿಯವರು ಎಷ್ಟೋ ಸಲ 'ಗಾಬೆಲಿ ನದಾರೆ' ಎನ್ನುತ್ತಾರೆ. ನಿಮ್ಮ ಮುಂದೆ ಅದೇನು ದೊಡ್ಡದು ಬಿಡಿ ಎಂಬ ಅರ್ಥ. ಇದು ಉಪಚಾರದ ಮಾತು, ತಾರೊಫ್. ದುಡ್ಡು ಬೇಡ ಎಂದಲ್ಲ. ನಗುತ್ತಾ ಮತ್ತೆ ಕೇಳಿ, ಕೊಟ್ಟುಬಿಡಿ. ಬೆಲೆ ಹೇಳುವುದು ತೊಮಾನಿನಲ್ಲಿ. ಹತ್ತು ರಿಯಾಲಿಗೆ ಒಂದು ತೊಮಾನ್. ರಿಯಾಲಿನಲ್ಲಿ ಬರೆದ ಬಿಲ್ಲನ್ನೂ ಬಾಯಲ್ಲಿ ಹೇಳಿದ ಲೆಕ್ಕವನ್ನೂ ಹೋಲಿಸುವಾಗ ಒಂದು ಸೊನ್ನೆಯ ವ್ಯತ್ಯಾಸ ನೆನಪಿರಲಿ.

ಎರಡು ಮಾತು ಜೇಬಿನಲ್ಲಿಟ್ಟುಕೊಳ್ಳಿ. ಯಾರಾದರೂ ಏನಾದರೂ ಕೈಗೆ ಕೊಟ್ಟರೆ 'ದಸ್ತೆ ಶೊಮಾ ದರ್ದ್ ನಕೊನೆ', ನಿಮ್ಮ ಕೈ ನೋಯದಿರಲಿ. ಕೆಲಸ ಮಾಡುತ್ತಿರುವವರನ್ನು ಕಂಡಾಗ 'ಖಸ್ತೆ ನಬಾಶೀನ್', ದಣಿವಾಗದಿರಲಿ. ಇವೆರಡನ್ನು ಸರಿಯಾಗಿ ಹೇಳಿದರೆ ಎದುರಿನವರ ಮುಖ ಅರಳುತ್ತದೆ, ನಿಮ್ಮ ತಪ್ಪುಗಳನ್ನು ತಾಳ್ಮೆಯಿಂದ ತಿದ್ದುತ್ತಾರೆ.

7. ಮಾತಾಡಲು ಜನ ಹುಡುಕಿ

ಹಾಫೆಜ಼್, ಸಾದಿಯ ಕಾವ್ಯ ಓದಲೆಂದೇ ಕಲಿಯುವವರಿದ್ದಾರೆ. ಆಸೆ ದೊಡ್ಡದು, ಅದನ್ನು ಬಿಡಬೇಡಿ. ಆದರೆ ಮೊದಲ ವರ್ಷ ಅದಕ್ಕೆ ಕೈ ಹಾಕಬೇಡಿ. ಮೊದಲು ಮನುಷ್ಯರ ಜೊತೆ ಮಾತು. ಗೌರಿಬಿದನೂರು ತಾಲ್ಲೂಕಿನ ಅಲಿಪುರದಲ್ಲಿ ಇರಾನಿನಲ್ಲಿ ಓದಿ ಬಂದವರಿದ್ದಾರೆ. ಪರಿಚಯದವರಿದ್ದರೆ ಅವರ ಮೂಲಕ ವಿಚಾರಿಸಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಆನ್‌ಲೈನಿನಲ್ಲಿ ಇಂಗ್ಲಿಷ್ ಅಭ್ಯಾಸಕ್ಕೆ ಜೊತೆ ಹುಡುಕುವ ಇರಾನಿನ ಹುಡುಗ ಹುಡುಗಿಯರು ಸಿಗುತ್ತಾರೆ. ಅರ್ಧ ಗಂಟೆ ಅವರಿಗೆ ಇಂಗ್ಲಿಷ್, ಅರ್ಧ ಗಂಟೆ ನಿಮಗೆ ಫಾರ್ಸಿ ಎಂದು ಮೊದಲೇ ಮಾತಾಡಿಕೊಳ್ಳಿ. 'ಪುಸ್ತಕದ ಹಾಗೆ ಮಾತಾಡಬೇಡಿ, ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡಿ' ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ನಿಮಗೆ ಸುಲಭವಾಗಲಿ ಎಂದು ಅವರು ಪುಸ್ತಕದ ಭಾಷೆಗೆ ತಿರುಗಿಬಿಡುತ್ತಾರೆ.

ಇರಾನಿನ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಹಿಂದೆ. ವಾರ ಶುರುವಾಗುವುದು ಶನಿವಾರ, ಶಂಬೆ. ಭಾನುವಾರ ಯೆಕ್‌ಶಂಬೆ, ಸೋಮವಾರ ದೊಶಂಬೆ, ಹೀಗೆ ಎಣಿಸುತ್ತಾ ಹೋಗುತ್ತಾರೆ. ಶುಕ್ರವಾರ ಜೊಮೆ, ಅಲ್ಲಿ ರಜೆ. ನಿಮ್ಮ ವಾರದ ಮಾತುಕತೆಯನ್ನು ಶುಕ್ರವಾರ ರಾತ್ರಿ ಎಂಟಕ್ಕೆ ಇಟ್ಟುಕೊಳ್ಳಿ. ಅಲ್ಲಿ ಆಗ ಸಂಜೆ ಆರು, ಅವರಿಗೂ ಬಿಡುವಿರುತ್ತದೆ.