ಚುಕ್ಕಿ ಅಕ್ಷರಗಳ ಫಾಂಟ್ ಮಾಡುವುದು ಹೇಗೆ

ಹಳೇ ಎಲ್‌ಇಡಿ ಬೋರ್ಡಿನ ಕಳೆ ಬೇಕೆಂದರೆ ಮೊದಲು ಅಕ್ಷರವಲ್ಲ, ಚೌಕಳಿ ಹಾಕಿ. ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಅಗಲಕ್ಕೆ 5, ಎತ್ತರಕ್ಕೆ 7 ಚುಕ್ಕಿ ಸಾಕು. ಕನ್ನಡಕ್ಕೆ ಸಾಲದು. ಪ ಮತ್ತು ಷ ನಡುವೆ ಇರುವುದು ಒಳಗಿನ ಒಂದೇ ಗೆರೆ. 5 ಚುಕ್ಕಿಯ ಅಗಲದಲ್ಲಿ ಆ ಗೆರೆ ಎಳೆದರೆ ಹೊಟ್ಟೆ ತುಂಬಿ ಕಪ್ಪಾಗುತ್ತದೆ. ಹೆಚ್ಚಿನ ಅಕ್ಷರಗಳಿಗೆ 9 ಚುಕ್ಕಿ ಅಗಲ ಕೊಡಿ. ಗುಡಿಸಿಗೆ ಮೇಲೆ 2 ಸಾಲು, ಒತ್ತಕ್ಷರಕ್ಕೆ ಕೆಳಗೆ 5 ಸಾಲು ಬಿಡಿ.

ಫಾಂಟ್ ತಯಾರಿಸುವ ಉಚಿತ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ಎಂ ಅಳತೆ (ಫಾಂಟಿನ ಗಾತ್ರ ಅಳೆಯುವ ಕಾಲ್ಪನಿಕ ಚೌಕದ ಎತ್ತರ) 1000 ಯೂನಿಟ್ ಇಡಿ. ಚುಕ್ಕಿಯಿಂದ ಚುಕ್ಕಿಗೆ 100, ಚುಕ್ಕಿಯ ವ್ಯಾಸ 80. ವ್ಯಾಸ 100 ಮುಟ್ಟಿದರೆ ಚುಕ್ಕಿಗಳು ಅಂಟಿಕೊಂಡು ಮಣಿಸರದಂತಾಗುತ್ತವೆ. ಒಂದೇ ಚುಕ್ಕಿ ಬರೆದು, ಉಳಿದೆಡೆ ಅದರ ರೆಫರೆನ್ಸ್ (ಮೂಲ ಚುಕ್ಕಿಗೆ ಜೋಡಿಸಿದ ಪ್ರತಿ) ಇಡಿ. ಆಮೇಲೆ ವ್ಯಾಸ ಬದಲಿಸಿದರೆ ಇಡೀ ಫಾಂಟೇ ಬದಲಾಗುತ್ತದೆ. ನಕಲು ಮಾಡಿ ಅಂಟಿಸುತ್ತಾ ಹೋದರೆ ಫೈಲೂ ಭಾರ, ತಿದ್ದುವುದೂ ತಲೆನೋವು.

ಅಕ್ಷರಗಳ ನಡುವಿನ ಅಂತರ, ಕರ್ನಿಂಗ್ (ನಿರ್ದಿಷ್ಟ ಅಕ್ಷರ ಜೋಡಿಗಳ ಅಂತರ ಹೊಂದಿಸುವುದು) ಎಲ್ಲವೂ 100ರ ಗುಣಕದಲ್ಲೇ ಇರಲಿ. 30 ಯೂನಿಟ್ ಸರಿಸಿದರೂ ಚೌಕಳಿ ತಪ್ಪಿದ್ದು ಕಣ್ಣಿಗೆ ಹೊಡೆಯುತ್ತದೆ.

ಪರದೆಯಲ್ಲಿ 40, 50, 60 ಪಿಕ್ಸೆಲ್ ಹೀಗೆ ಹತ್ತರ ಗುಣಕದ ಗಾತ್ರ ಬಳಸಿ. 40ರಲ್ಲಿ ಚುಕ್ಕಿಗಳ ಅಂತರ ಸರಿಯಾಗಿ 4 ಪಿಕ್ಸೆಲ್, 43ರಲ್ಲಿ 4.3 ಆಗಿ ಕೆಲವು ಚುಕ್ಕಿ ಚೂಪು, ಕೆಲವು ಮಸುಕು. ಇದು ಶೀರ್ಷಿಕೆಯ ಫಾಂಟ್. ಪ್ಯಾರಾಗೆ ಹಾಕಿದರೆ ಓದುವವರ ಕಣ್ಣಿಗೆ ಶಿಕ್ಷೆ.