ಬಸಳೆಯ ರುಚಿ ಇರುವುದು ದಂಟಿನಲ್ಲಿ

ಬಸಳೆಯ ಬೀಜ ಬಿತ್ತಿ ಕಾಯುವುದಕ್ಕಿಂತ ದಂಟನ್ನು ನೆಡುವುದೇ ಮೇಲೆಂಬುದು ನನ್ನ ಅನುಭವ. ಅಡುಗೆಗೆ ತಂದ ಕಟ್ಟಿನಲ್ಲಿಯೇ ಬೆರಳುಗಾತ್ರದ ಬಲಿತ ದಂಟೊಂದನ್ನು ಆರಿಸಿ, ನಾಲ್ಕು ಗೆಣ್ಣುಗಳಿರುವಂತೆ ಕತ್ತರಿಸಿ, ಎಲೆ ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಟ್ಟರೆ ಸಾಕು. ಕರಾವಳಿಯ ಜಡಿಮಳೆಯಲ್ಲಿ ಬುಡ ಕೊಳೆಯುವುದರಿಂದ ನಾವು ನವರಾತ್ರಿ ಕಳೆದು ಮಳೆ ಹಿಂದೆಗೆದ ಮೇಲೆ ನೆಡುತ್ತೇವೆ.

ಗೊಬ್ಬರವಾಗಿ ಸುಡುಮಣ್ಣು (ಸುಟ್ಟ ಮಣ್ಣು) ಮತ್ತು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸಾಕು. ಬಚ್ಚಲ ನೀರನ್ನು ಬಸಳೆಯ ಬುಡಕ್ಕೆ ಹರಿಸುವುದು ಹಳೆಯ ರೂಢಿಯೇ ಆದರೂ, ಅದು ಸೀಗೆ, ಕಡಲೆಹಿಟ್ಟಿನ ಕಾಲದ ಮಾತು. ಸೋಪಿನ ನೀರು ಬಿಟ್ಟು ನಾನೊಮ್ಮೆ ಇಡೀ ಬಳ್ಳಿಯನ್ನು ಕಳೆದುಕೊಂಡಿದ್ದೇನೆ. ಅಡಿಕೆ ಸಲಾಕೆಯ ಚಪ್ಪರವನ್ನು ಕೈಗೆಟುಕುವಷ್ಟೇ ಎತ್ತರಕ್ಕೆ, 4 ಅಡಿ ಮೀರದಂತೆ ಕಟ್ಟಿರಿ. ಎಲೆಯ ಮೇಲೆ ಕೆಂಪು ಅಂಚಿನ ಚುಕ್ಕೆ ಬಿದ್ದರೆ ಅಂಥ ಎಲೆಗಳನ್ನು ಕಿತ್ತು ದೂರ ಹಾಕಿ, ನೀರನ್ನು ಎಲೆಗೆ ತಾಗಿಸದೆ ಬುಡಕ್ಕೆ ಮಾತ್ರ ಹೊಯ್ಯಬೇಕು.

ಈಗಿನವರು ಎಲೆ ಮಾತ್ರ ಚಿವುಟಿಕೊಂಡು ದಂಟನ್ನು ಬಿಡುತ್ತಾರೆ. ಅದು ಕಬ್ಬು ಬಿಟ್ಟು ಸೋಗೆ ಒಯ್ದ ಹಾಗೆ. ಬಳ್ಳಿಯ ತುದಿಯನ್ನು ಒಂದು ಮೊಳದಷ್ಟು ದಂಟಿನ ಸಮೇತ ಕತ್ತಿಯಿಂದ ಕೊಯ್ದರೆ ಕೆಳಗಿನ ಗೆಣ್ಣುಗಳಿಂದ ಕವಲೊಡೆದು ಚಪ್ಪರ ಇನ್ನಷ್ಟು ತುಂಬುತ್ತದೆ.

ಹೆಚ್ಚಿದ ಮೇಲೆ ತೊಳೆದರೆ ಲೋಳೆ ಬಿಡುವುದರಿಂದ ಮೊದಲೇ ತೊಳೆದು ನೀರು ಸೋರಲು ಬಿಡಿ. ಹುಳಿ ಮಾಡುವಾಗ ಜಜ್ಜಿದ ಹಲಸಿನ ಬೀಜವನ್ನು ಮೊದಲು ಬೇಯಿಸಿ, ಅದು ಅರೆಬೆಂದಾಗ ದಂಟನ್ನೂ, ದಂಟು ಮೆತ್ತಗಾದ ಮೇಲೆ ಎಲೆಯನ್ನೂ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿದರೆ ಎಲೆ ಕರಗಿ ಅಂಟಾಗುತ್ತದೆ. ತೆಂಗಿನಕಾಯಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಹುಣಸೆಹುಳಿ ಅರೆದು ಸೇರಿಸಿ ಕುದಿಸಿ, ಕೊನೆಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಕೊಡಿ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಉಣ್ಣುವುದು ಒಳ್ಳೆಯದು.

ಉಳಿದ ಹುಳಿಯನ್ನು ರಾತ್ರಿ ಮತ್ತೊಮ್ಮೆ ಕುದಿಸಿಟ್ಟು, ಬೆಳಿಗ್ಗೆ ಮಣ್ಣಿನ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬತ್ತಿಸಿ ಕುಚ್ಚಲಕ್ಕಿ ಗಂಜಿಯೊಂದಿಗೆ ಬಡಿಸಿರಿ. ದಂಟಿನೊಳಗೆ ಮಸಾಲೆ ಇಳಿಯಲು ಅಷ್ಟು ಹೊತ್ತು ಬೇಕು.