ಎರಡು ಸಾಲಿನ ಪಲ್ಲ

ನಮ್ಮದು ಜತ್ತ ತಾಲೂಕಿನ ಉಮದಿ ಕಡೆ. ಜಿಲ್ಲೆ ಸಾಂಗ್ಲಿ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ಸಣ್ಣಾಂವ ಇದ್ದಾಗಿನಿಂದ ಡೊಳ್ಳಿನ ಹಾಡು ಹಾಡುತ್ತ ಬಂದಿದ್ದೇನೆ. ಪದ ಹೇಗೆ ಕಟ್ಟುತ್ತೀರಿ ಎಂದು ಈಗಿನ ಹುಡುಗರು ಕೇಳುತ್ತಾರೆ. ಪಲ್ಲ ಅಂದರೆ ಹಿಮ್ಮೇಳ ಮತ್ತೆ ಮತ್ತೆ ಎತ್ತಿಕೊಳ್ಳುವ ಸಾಲು. ನನ್ನ ಒಂದು ಪಲ್ಲದ ಕಥೆಯನ್ನೇ ಹೇಳುತ್ತೇನೆ.

1972ರ ಬರಗಾಲದಲ್ಲಿ ನನಗೆ ಹನ್ನೆರಡು ವರ್ಷ. ನಮ್ಮವು ಮಾಡಗ್ಯಾಳ ಕುರಿ, ಬಾಗಿದ ಮೂಗಿನ ಎತ್ತರದ ಜಾತಿ. ಮೇವಿಲ್ಲದೆ ಅವನ್ನೆಲ್ಲ ಬಂದಷ್ಟಕ್ಕೆ ಕೊಟ್ಟು ಅಪ್ಪ, ಅವ್ವ, ನಾನು ಸರಕಾರದ ಬರಗಾಲ ಕಾಮಗಾರಿಗೆ ಖಡಿ (ಜಲ್ಲಿಕಲ್ಲು) ಒಡೆಯಲು ಹೋದೆವು. ಅಲ್ಲಿ ಹಂಚುತ್ತಿದ್ದ ಸುಕಡಿ ಎಂಬ ಪೌಷ್ಟಿಕ ಹಿಟ್ಟಿನ ರುಚಿ ಇನ್ನೂ ನಾಲಿಗೆಯ ಮೇಲಿದೆ. ಅವ್ವ ಕಲ್ಲು ಒಡೆಯುತ್ತ ಬೀಸುವ ಪದ ಹೇಳುತ್ತಿದ್ದಳು. ಬೀಸಲು ಮನೆಯಲ್ಲಿ ಜೋಳ ಇರಲಿಲ್ಲ, ಪದ ಇತ್ತು. ಸುತ್ತಿಗೆ ಮೇಲೆದ್ದಾಗ ಸಾಲು ಎಳೆಯುವಳು, ಕಲ್ಲಿಗೆ ಬಿದ್ದಾಗ ನಿಲ್ಲಿಸುವಳು. ಉಸಿರು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ನಾನು ಕಲಿತದ್ದು ಆ ಖಡಿ ರಾಶಿಯ ಮೇಲೆ.

ಆಮೇಲೆ ಊರಲ್ಲಿ ಕುರುಬರ ದೇವರಾದ ಬೀರಪ್ಪನ ಗುಡಿಯ ಮ್ಯಾಳ (ಹಾಡುವ ತಂಡ) ಸೇರಿದೆ. ಎರಡು ವರ್ಷ ಬರೀ ತಾಳ. ಚಳಿಗಾಲದ ರಾತ್ರಿ ಇಬ್ಬನಿಗೆ ಡೊಳ್ಳಿನ ಚರ್ಮ ಸಡಿಲಾಗಿ ದನಿ ಕುಸಿಯುತ್ತದೆ. ಕಣಕಿ (ಜೋಳದ ದಂಟು) ಸುಟ್ಟು ಅದನ್ನು ಕಾಯಿಸುವುದು ನನ್ನ ಕೆಲಸ. ಉರಿ ಹತ್ತಿರವಾದರೆ ಚರ್ಮ ಬಿರಿಯುತ್ತದೆ, ದೂರವಾದರೆ ಬಿಗಿಯುವುದಿಲ್ಲ. ಬೆರಳಿನಿಂದ ಬಡಿದು ದನಿ ಕೇಳಿ, ಸಾಕು ಎಂದು ಮುತ್ಯಾ ಕೈ ಎತ್ತುವವರೆಗೆ ಕಾಯಬೇಕು. ನಮ್ಮ ಮ್ಯಾಳದ ಹಿರಿಯನನ್ನು ನಾವೆಲ್ಲ ಮುತ್ಯಾ ಅಂತಲೇ ಕರೆಯುತ್ತಿದ್ದೆವು.

ಡೊಳ್ಳಿನ ಹಾಡಿಕಿಯಲ್ಲಿ ಎರಡು ಮ್ಯಾಳ ಎದುರುಬದುರು. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಬಿಡಿಸಬೇಕು, ಬೆಳಗಾಗುವ ತನಕ. ನುಡಿ, ಅಂದರೆ ಪದದ ಒಂದೊಂದು ಚರಣ, ಹೇಳುವುದು ಮುಂದಿನವನ ಕೆಲಸ, ಪಲ್ಲ ಎತ್ತಿಕೊಳ್ಳುವುದು ಹಿಮ್ಮೇಳದ ಕೆಲಸ. ಇದು ಬಾಯಿಪಾಠವಾಗಿ ನನಗೆ ಗೊತ್ತಿತ್ತು, ಮೈಗೆ ಹತ್ತಿರಲಿಲ್ಲ.

ಹತ್ತಿದ್ದು ಹುಲಜಂತಿಯಲ್ಲಿ. ಮಂಗಳವೇಢೆ ತಾಲೂಕಿನ ಆ ಊರಲ್ಲಿ ದೀಪಾವಳಿಗೆ ಮಾಳಿಂಗರಾಯನ ಜಾತ್ರೆ. ಗುರು ಬೀರಪ್ಪನ ಪಲ್ಲಕ್ಕಿ, ಶಿಷ್ಯ ಮಾಳಿಂಗರಾಯನ ಪಲ್ಲಕ್ಕಿ ಭೇಟಿಯಾಗುವಾಗ ಭಂಡಾರದ ಅರಿಶಿನ ತೂರಿ ಆಕಾಶವೇ ಹಳದಿಯಾಗುತ್ತದೆ. ಅಂಥ ಜಾಗದಲ್ಲಿ ನಾನು ಕಟ್ಟಿದ ಮೊದಲ ಪದ ಹಾಡಿದೆ, ಬರಗಾಲದ ಮೇಲೆ. ಪಲ್ಲವೇ ಎಂಟು ಸಾಲು. ಅದರಲ್ಲಿ ಭಾವಿ, ಬಂಡಿ, ಸಾಲ, ಸುಕಡಿ ಎಲ್ಲ ಇತ್ತು. ಹಿಮ್ಮೇಳದವರು ಮೂರನೇ ಸಾಲಿಗೆ ತಡವರಿಸಿದರು, ಕೂತವರು ಚಹಾಕ್ಕೆ ಎದ್ದರು. ಕೆಳಗಿಳಿದಾಗ ಮುತ್ಯಾ ಅಂದ: “ತಮ್ಮಾ, ಹೇಳೂದು ಭಾಳ ಹೇಳ್ದಿ. ಹಿಂದಿನವ್ರ ಬಾಯಿಗೆ ಏನ ಕೊಟ್ಟಿ?”

ಆ ಮಾತು ಎದೆಯಲ್ಲಿ ಕೂತಿತು. ಮುಂದಿನ ಮಳೆಗಾಲದವರೆಗೆ ಕುರಿಗಳ ಹಿಂದೆ ಅಡ್ಡಾಡುತ್ತ ಅದೇ ಪಲ್ಲ ಒರೆಗೆ ಹಚ್ಚಿದೆ. ಒಂದೊಂದು ಸಾಲನ್ನೂ ಗಾಳಿಗೆ ಎದುರಾಗಿ ಕೂಗುವುದು. ಹೊಲದ ಆಚೆ ಬದುವಿನ ಮೇಲೆ ನಿಂತ ಜೊತೆಯವನಿಗೆ ಒಮ್ಮೆಗೇ ಕೇಳಿ, ಅವನು ತಿರುಗಿ ಅಂದು ತೋರಿಸಿದರೆ ಆ ಸಾಲು ಇಡುವುದು, ಇಲ್ಲವಾದರೆ ಬಿಡುವುದು. ಇಂದಿಗೂ ನನ್ನ ಪದ ಕಟ್ಟುವ ಪದ್ಧತಿ ಇದೇ. ಪೆನ್ನು ಹಿಡಿಯುವುದು ಕೊನೆಗೆ. ಭಾವಿ ಹೋಯಿತು, ಬಂಡಿ ಹೋಯಿತು, ಸಾಲ ನುಡಿಗೆ ಇಳಿಯಿತು. ಉಳಿದದ್ದು ಇಷ್ಟು:

ಮೋಡೆಲ್ಲ ಮ್ಯಾಲಿಂದ ಹಾದ್ಹೋದವೊ ತಮ್ಮಾ
ನೋಡ್ಯಾಳೊ ಕೊಡಾ ಹಿಡದು ನಮ್ಮವ್ವ ಸುಮ್ಮಾ

ಮುತ್ಯಾ ಎರಡು ಸಲ ಹಾಡಿಸಿ ಕೇಳಿದ. ಏನೂ ಅನ್ನಲಿಲ್ಲ, ಡೊಳ್ಳು ತೆಗೆದುಕೊಂಡ.

ನುಡಿಗಳ ವಿಷಯದಲ್ಲಿ ನಾನು ಮರಾಠಿ ಕುರುಬರಾದ ಧನಗರರಿಗೆ ಋಣಿ. ನಮ್ಮ ಬೀರಪ್ಪನೇ ಅವರ ಬಿರೋಬಾ. ಕವಠೆಮಹಾಂಕಾಳ ತಾಲೂಕಿನ ಆರೇವಾಡಿಯಲ್ಲಿ ಅವನ ದೊಡ್ಡ ಸ್ಥಾನವಿದೆ. ಅವರ ಓವಿ ಎಂಬ ಕಥನದಲ್ಲಿ ಸ್ವಲ್ಪ ಹಾಡು, ಆಮೇಲೆ ಅದೇ ಕಥೆ ಮಾತಿನಲ್ಲಿ. ಕೇಳುವವ ದಣಿಯುವುದಿಲ್ಲ. ನಾನೂ ನುಡಿಗಳ ನಡುವೆ ಮಾತು ತಂದೆ, ಮರಾಠಿ ಮಂದಿ ಕೂತಿದ್ದರೆ ಮರಾಠಿಯಲ್ಲೇ ಹೇಳುತ್ತೇನೆ. ಹಾಡು ಮಾತ್ರ ಕನ್ನಡ. ಅದರಲ್ಲಿ ನಾನು ಸಡಿಲು ಬಿಟ್ಟಿಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ಒಬ್ಬರು ಈ ಪದ ರೆಕಾರ್ಡ್ ಮಾಡಿಸಿದರು. ಟೇಪು ಸಾಲಲಿಲ್ಲ ಎಂದು ಕೊನೆಯ ನುಡಿಯನ್ನೇ ಕತ್ತರಿಸಿದರು. ಬೀರಪ್ಪನ ಅಂಕಿತ, ನಮ್ಮೂರ ಹೆಸರು, ನನ್ನ ಹೆಸರು ಇದ್ದದ್ದು ಅದೇ ನುಡಿಯಲ್ಲಿ. ಆ ಕ್ಯಾಸೆಟ್ಟು ಹಳ್ಳಿ ಹಳ್ಳಿಗೆ ಹೋಯಿತು, ಪದ ಯಾರದೆಂದು ಯಾರಿಗೂ ತಿಳಿಯಲಿಲ್ಲ. ಆ ನೋವು ಬಹಳ ವರ್ಷ ಇತ್ತು. ಅಂಕಿತವಿಲ್ಲದೆ ಪದ ಮುಗಿಸಬೇಡಿ ಎಂದು ಹುಡುಗರಿಗೆ ಈಗಲೂ ಹೇಳುತ್ತೇನೆ.

ಹೋದ ಸಲ ಛಟ್ಟಿ ಅಮವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋಗಿದ್ದೆ. ವಿಜಯಪುರದ ಕಡೆಯಿಂದ ನಡೆದು ಬಂದಿದ್ದ ಹೆಣ್ಣುಮಕ್ಕಳು ಬೇವಿನ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿಕೊಂಡು ಹಾಡುತ್ತಿದ್ದರು. ನನ್ನದೇ ಪಲ್ಲ. ಎರಡನೇ ಸಾಲು ಮಾತ್ರ ಬೇರೆಯಾಗಿತ್ತು:

ನೋಡ್ಯಾಳೊ ಕೊಡಾ ಡಬ್ಬ್ಹಾಕಿ ನಮ್ಮವ್ವ ಸುಮ್ಮಾ

ಕೊಡ ಹಿಡಿದವಳಿಗೆ ಇನ್ನೂ ನೀರಿನ ಆಸೆ ಇರುತ್ತದೆ. ಡಬ್ಬ ಹಾಕಿ ಬೋರಲಿಟ್ಟವಳಿಗೆ ಇಲ್ಲ. ಅವ್ವ ಆ ವರ್ಷ ಕೊಡವನ್ನು ಗೋಡೆಗೆ ಡಬ್ಬ ಹಾಕಿಯೇ ಇಟ್ಟಿದ್ದಳು; ನಾನೇ ಮರೆತಿದ್ದೆ. ಆ ಪದ ಯಾರದೆಂದು ಅವರಿಗೆ ಹೇಳದೆ, ಹಿಂದೆ ಕೂತು ಪಲ್ಲ ಎತ್ತಿಕೊಂಡೆ. ಅಂದಿನಿಂದ ನಮ್ಮ ಮ್ಯಾಳದಲ್ಲೂ ಹಾಗೇ ಹಾಡುತ್ತೇವೆ.